ಎಕ್ಸ್‌ಎಂಎಲ್ ಕಡತಗಳ ಸಮಾನತೆ

ಎಕ್ಸ್‌ಎಂಎಲ್ ಕಡತಗಳ ಸಮಾನತೆ ಎಂದರೆ ಬರೆದ ರೀತಿಯಲ್ಲಿ ಭಿನ್ನವಾಗಿರುವ ಎರಡು ಎಕ್ಸ್‌ಎಂಎಲ್ ಕಡತಗಳು ಒಂದೇ ಮಾಹಿತಿಯನ್ನು ಒಳಗೊಂಡಿರುವುದು. ಬರಿಯ ಅಕ್ಷರಶಃ ಹೋಲಿಕೆಯಿಂದ ಇದನ್ನು ನಿರ್ಣಯಿಸಲಾಗದು.

ಉದಾಹರಣೆ

<ಊರು ತಾಲ್ಲೂಕು="ಸಿರುಗುಪ್ಪ" ಜಿಲ್ಲೆ="ಬಳ್ಳಾರಿ">ಕೆಂಚನಗುಡ್ಡ</ಊರು>

<ಊರು ಜಿಲ್ಲೆ='ಬಳ್ಳಾರಿ' ತಾಲ್ಲೂಕು='ಸಿರುಗುಪ್ಪ'>ಕೆಂಚನಗುಡ್ಡ</ಊರು>

ಇವೆರಡೂ ಸಮಾನ. ಆಟ್ರಿಬ್ಯೂಟ್‌ಗಳ ಕ್ರಮಕ್ಕಾಗಲಿ ಉದ್ಧರಣ ಚಿಹ್ನೆಯ ಬಗೆಗಾಗಲಿ ಎಕ್ಸ್‌ಎಂಎಲ್‌ನಲ್ಲಿ ಅರ್ಥವಿಲ್ಲ. ಆದರೆ ಎಲಿಮೆಂಟ್‌ಗಳ ಕ್ರಮಕ್ಕೆ ಅರ್ಥವಿದೆ.

ವಿಧಾನ

ಎರಡೂ ಕಡತಗಳನ್ನು ಮೊದಲು ಒಂದೇ ಪ್ರಮಾಣಿತ ರೂಪಕ್ಕೆ ತಂದು ಅನಂತರ ಹೋಲಿಸಲಾಗುತ್ತದೆ. ಇದಕ್ಕಾಗಿ ಡಬ್ಲ್ಯೂ೩ಸಿ ಸಂಸ್ಥೆಯು 2001ರಲ್ಲಿ ‘ಕೆನಾನಿಕಲ್ ಎಕ್ಸ್‌ಎಂಎಲ್’ ಶಿಫಾರಸನ್ನು ಪ್ರಕಟಿಸಿತು, 1.1ನೆಯ ಆವೃತ್ತಿಯು 2008ರಲ್ಲಿ ಬಂದಿತು. ಇದರಂತೆ ಕಡತವು ಯುಟಿಎಫ್-8 ಸಂಕೇತಕ್ಕೆ ಬದಲಾಗುತ್ತದೆ, ಆಟ್ರಿಬ್ಯೂಟ್‌ಗಳು ನಿಗದಿತ ಕ್ರಮದಲ್ಲಿ ಜೋಡಣೆಗೊಳ್ಳುತ್ತವೆ, ಖಾಲಿ ಎಲಿಮೆಂಟ್‌ಗಳಿಗೆ ಆರಂಭ ಮತ್ತು ಅಂತ್ಯದ ಟ್ಯಾಗ್‌ಗಳು ಬರುತ್ತವೆ. ಎಲಿಮೆಂಟ್‌ಗಳ ನಡುವಿನ ಖಾಲಿ ಜಾಗ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಸಾಲುಗಳ ಅಂಚು ಬದಲಾದರೂ ಕಡತಗಳು ಬೇರೆಯೆಂದೇ ತೋರುತ್ತವೆ. ಡಿಜಿಟಲ್ ಸಹಿಯ ಪರಿಶೀಲನೆಗೂ ಈ ರೂಪವೇ ಆಧಾರ.

ಕನ್ನಡ ಪಠ್ಯದಲ್ಲಿ

ಯೂನಿಕೋಡ್‌ನಲ್ಲಿ ‘ಕುರುಗೋಡು’ ಪದದ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಅಥವಾ ಮೂರು ಸಂಕೇತಗಳ ಸರಣಿಯಾಗಿ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕೆನಾನಿಕಲ್ ಎಕ್ಸ್‌ಎಂಎಲ್ ಈ ಭೇದವನ್ನು ನಿವಾರಿಸುವುದಿಲ್ಲವಾದ್ದರಿಂದ ಒಂದೇ ಊರು ಎರಡು ಊರುಗಳಾಗಿ ದಾಖಲಾಗುವ ಸಾಧ್ಯತೆಯಿದೆ. ಇದನ್ನು ತಪ್ಪಿಸಲು ಹೋಲಿಕೆಗೆ ಮುನ್ನ ಎರಡೂ ಕಡತಗಳ ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ಪರಿವರ್ತಿಸಬೇಕು.