ಗರ್ಭಿಣಿಯ ರಕ್ತಹೀನತೆ: ಕಬ್ಬಿಣದ ಕೊರತೆಯೋ, ಥಲಸ್ಸೇಮಿಯಾ ವಾಹಕತ್ವವೋ?

ಗರ್ಭಿಣಿಗೆ ರಕ್ತ ಕಡಿಮೆಯಾಗಿದೆ ಎಂದೊಡನೆ ನಮ್ಮ ಮನೆಗಳಲ್ಲಿ ಖರ್ಜೂರ, ಹುರುಳಿಕಾಳು, ನುಗ್ಗೆಸೊಪ್ಪಿನ ಉಪಚಾರ ಆರಂಭವಾಗುತ್ತದೆ. ವೈದ್ಯರೂ ಕಬ್ಬಿಣಾಂಶದ ಮಾತ್ರೆ ಬರೆದುಕೊಡುತ್ತಾರೆ. ಬಹುಮಟ್ಟಿಗೆ ಇದು ಸರಿಯಾದ ಕ್ರಮವೇ. ಆದರೆ ಎರಡು ತಿಂಗಳು ತಪ್ಪದೆ ಮಾತ್ರೆ ಸೇವಿಸಿದರೂ ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿಯೇ ನಿಂತಿದ್ದರೆ, ಸೊಸೆ ಸರಿಯಾಗಿ ಉಣ್ಣುವುದಿಲ್ಲವೆಂದು ದೂರುವ ಮುನ್ನ ಬೇರೊಂದು ಸಾಧ್ಯತೆಯನ್ನು ಪರಿಶೀಲಿಸಬೇಕು. ಅದು ತಂದೆಯಿಂದಲೋ ತಾಯಿಯಿಂದಲೋ ಬಂದ ಬೀಟಾ ಥಲಸ್ಸೇಮಿಯಾ ವಾಹಕತ್ವ. ವೈದ್ಯರು ಇದನ್ನು ‘ಥಲಸ್ಸೇಮಿಯಾ ಮೈನರ್’ ಎನ್ನುತ್ತಾರೆ.

ರಾಜಧಾನಿಯ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ಭಾರತದಲ್ಲಿ ನೂರಕ್ಕೆ ಸರಾಸರಿ 3ರಿಂದ 4 ಮಂದಿ ವಾಹಕರೆಂಬ ಅಂದಾಜಿದೆ. 1947ರ ವಿಭಜನೆಯ ತರುವಾಯ ದೆಹಲಿಯಲ್ಲಿ ನೆಲೆಸಿದ ಪಂಜಾಬಿ, ಸಿಂಧಿ ಸಮುದಾಯಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ನಮ್ಮ ಮಕ್ಕಳು ಇಲ್ಲಿಯೇ ಓದಿ, ಇಲ್ಲಿಯವರನ್ನೇ ವರಿಸುವುದು ಈಗ ಸಾಮಾನ್ಯವಾಗಿದೆ. ಹಾಗೆಂದು ಇದನ್ನು ಉತ್ತರದವರ ವ್ಯಾಧಿಯೆಂದು ತಳ್ಳಿಹಾಕುವಂತಿಲ್ಲ. ವಾಹಕರು ಹೆಚ್ಚಾಗಿರುವ ಸಮುದಾಯಗಳ ಪಟ್ಟಿಯಲ್ಲಿ ಸಾರಸ್ವತರೂ ಇದ್ದಾರೆ. ಇನ್ನು ರಕ್ತಕ್ಕೆ ಸಂಬಂಧಿಸಿದ ಮತ್ತೊಂದು ಆನುವಂಶಿಕ ದೋಷವಾದ ಸಿಕಲ್ ಸೆಲ್, ಚಾಮರಾಜನಗರ, ಮೈಸೂರು ಭಾಗದ ಸೋಲಿಗ, ಜೇನುಕುರುಬ ಮುಂತಾದ ಬುಡಕಟ್ಟುಗಳಲ್ಲಿ ಕಂಡುಬರುತ್ತದೆ.

ವಾಹಕರ ಕೆಂಪು ರಕ್ತಕಣಗಳು ಗಾತ್ರದಲ್ಲಿ ಕಿರಿದು, ಸಂಖ್ಯೆಯಲ್ಲಿ ಮಾತ್ರ ಹೆಚ್ಚು. ಸಾಮಾನ್ಯ ದಿನಗಳಲ್ಲಿ ಇದರಿಂದ ವಿಶೇಷ ತೊಂದರೆಯಿಲ್ಲ. ಗರ್ಭಾವಸ್ಥೆಯಲ್ಲಿ ರಕ್ತದ ದ್ರವಭಾಗ ಕಣಗಳಿಗಿಂತ ವೇಗವಾಗಿ ಹೆಚ್ಚುವುದರಿಂದ, ಮೊದಲೇ ಕಡಿಮೆಯಿದ್ದ ಹಿಮೋಗ್ಲೋಬಿನ್ ಮತ್ತಷ್ಟು ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆ ಸಾಂಪ್ರದಾಯಿಕವಾಗಿ ಇಟ್ಟಿರುವ ಗೆರೆ 11 ಗ್ರಾಂ.

ಸಾಧಾರಣ ರಕ್ತಪರೀಕ್ಷೆಯ ವರದಿಯಲ್ಲಿಯೇ ಸುಳಿವೊಂದು ಅಡಗಿರುತ್ತದೆ. ಎಂ.ಸಿ.ವಿ. ಎಂಬ ಅಂಕಿಯನ್ನು ಕೆಂಪುಕಣಗಳ ಎಣಿಕೆಯಿಂದ (ಮಿಲಿಯನ್‌ಗಳಲ್ಲಿ) ಭಾಗಿಸಿ ನೋಡಿ. ಎಂ.ಸಿ.ವಿ. 64, ಎಣಿಕೆ 5.6 ಇದ್ದರೆ ಭಾಗಲಬ್ಧ 11.4, 13ಕ್ಕಿಂತ ಕಡಿಮೆ ಬಂದುದರಿಂದ ವಾಹಕತ್ವದ ಶಂಕೆ. ಎಂ.ಸಿ.ವಿ. 70, ಎಣಿಕೆ 4 ಇದ್ದರೆ 17.5, ಇದು ಕಬ್ಬಿಣದ ಕೊರತೆಯತ್ತ ಬೆರಳು ಮಾಡುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕೂಡಿ ಕಳೆಯುವ ನನ್ನಂಥವನಿಗೂ ನಿಲುಕುವ ಲೆಕ್ಕವಿದು. ಆದರೆ ಇದು ಕೇವಲ ಸುಳಿವು, ಗರ್ಭಾವಸ್ಥೆಯಲ್ಲಂತೂ ಇದನ್ನೇ ನಂಬಿ ಕೂರುವಂತಿಲ್ಲ. ನಿರ್ಣಯ ಎಚ್.ಪಿ.ಎಲ್.ಸಿ. ಪರೀಕ್ಷೆಯದು: ಅದರಲ್ಲಿ ಹಿಮೋಗ್ಲೋಬಿನ್ ಎ2 ಶೇಕಡಾ 3.5ನ್ನು ಮೀರಿದ್ದರೆ ಸಾಮಾನ್ಯವಾಗಿ ವಾಹಕತ್ವವೆಂದು ತೀರ್ಮಾನಿಸುತ್ತಾರೆ. ಕಬ್ಬಿಣದ ಕೊರತೆ ತೀವ್ರವಾಗಿದ್ದಲ್ಲಿ ಈ ಅಂಕಿ ಕೆಳಗಿಳಿದು ಮೋಸಗೊಳಿಸುವುದೂ ಉಂಟು.

ವಾಹಕಿಗೆ ಕಬ್ಬಿಣವೇ ನಿಷಿದ್ಧವೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಎರಡು ತೊಂದರೆಗಳೂ ಒಬ್ಬಳಲ್ಲಿಯೇ ಇರಬಹುದು. ಆದ್ದರಿಂದ ಫೆರಿಟಿನ್ ಪರೀಕ್ಷೆ ಮಾಡಿಸಿ, ಶರೀರದ ದಾಸ್ತಾನು ಕಡಿಮೆಯಿದ್ದರೆ ಕಬ್ಬಿಣ ಕೊಡುತ್ತಾರೆ. ದಾಸ್ತಾನು ಸಾಕಷ್ಟಿದ್ದರೆ ಕಬ್ಬಿಣದ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಸಲ್ಲದು. ಹೊಸ ಕಣಗಳ ಉತ್ಪತ್ತಿಗೆ ಫೋಲಿಕ್ ಆಮ್ಲ ಅವಶ್ಯ. ವಾಹಕಿಯರಿಗೆ ವೈದ್ಯರು ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚು, ಬಹುಶಃ ದಿನಕ್ಕೆ 5 ಮಿಲಿಗ್ರಾಂ, ಸೂಚಿಸುವುದುಂಟು. ರಕ್ತ ಕೊಡಿಸಬೇಕಾದ ಪ್ರಸಂಗ ವಿರಳ.

ಇದಕ್ಕಿಂತ ಗಹನವಾದುದು ಪತಿಯ ಪರೀಕ್ಷೆ. ಅದನ್ನು ಮುಂದೂಡುವ ಕುಟುಂಬಗಳೇ ಹೆಚ್ಚು. ಗಂಡಿಗೇಕೆ ರಕ್ತಪರೀಕ್ಷೆ ಎಂಬ ಬಿಗುಮಾನ. ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕಾಗುತ್ತದೆ. ಭ್ರೂಣದ ಸ್ಥಿತಿಯನ್ನು ಸುಮಾರು 11ನೇ ವಾರದಿಂದ ಗರ್ಭವೇಷ್ಟನದ ಅಂಶ ತೆಗೆದು, ಇಲ್ಲವೇ 15ನೇ ವಾರದ ನಂತರ ಗರ್ಭಜಲದಿಂದ ತಿಳಿಯಬಹುದು. ಆದ್ದರಿಂದಲೇ ಮೊದಲ ಭೇಟಿಯಲ್ಲಿಯೇ ಎಚ್.ಪಿ.ಎಲ್.ಸಿ. ಮಾಡಿಸಿದರೆ, ಮುಂದಿನ ನಿರ್ಧಾರವನ್ನು ದಂಪತಿಗಳು ಆನುವಂಶಿಕ ತಜ್ಞರೊಡನೆ ನಿಧಾನವಾಗಿ ಆಲೋಚಿಸಲು ಕಾಲಾವಕಾಶ ದೊರೆಯುತ್ತದೆ.

ವಾಹಕತ್ವ ದೃಢಪಟ್ಟರೆ ಆ ವರದಿಯನ್ನು ಜೋಪಾನವಾಗಿಟ್ಟು, ಹೆರಿಗೆಗೆ ತವರಿಗೆ ಹೋಗುವವರು ಅಲ್ಲಿನ ವೈದ್ಯರಿಗೂ ತೋರಿಸತಕ್ಕದ್ದು. ಆಕೆಯ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ವಾಹಕತ್ವ ಬಂದಿರುವ ಸಾಧ್ಯತೆ ಕನಿಷ್ಠ ಅರ್ಧದಷ್ಟಿರುವುದರಿಂದ, ಮದುವೆಯ ಮಾತುಕತೆ ನಡೆಯುತ್ತಿರುವ ತಮ್ಮ ತಂಗಿಯರಿಗೂ ಈ ಪರೀಕ್ಷೆ ಮಾಡಿಸಬೇಕು.