ದಾಲ್ಚಿನ್ನಿ ಗಿಡದ ಬಕಾಸುರ

ದಾಲ್ಚಿನ್ನಿ ಗಿಡದ ಬುಡದಲ್ಲಿ ಕರಿಮೆಣಸಿಗಿಂತ ದಪ್ಪನೆಯ, ಉದ್ದುದ್ದ ಗೀರುಗಳಿರುವ ಹಿಕ್ಕೆ ಬಿದ್ದಿದ್ದರೆ ತಲೆಯೆತ್ತಿ ಎಲೆಗಳ ಅಡಿಭಾಗ ನೋಡಿ. ಅಕ್ಕಿಹಿಟ್ಟಿನಲ್ಲಿ ಹೊರಳಾಡಿ ಬಂದಂತೆ ಕಾಣುವ, ಹೆಬ್ಬೆರಳು ಗಾತ್ರದ ತಿಳಿಹಸಿರು ಹುಳು ಅಲ್ಲಿ ಮೇಯುತ್ತಿರಬಹುದು. ಅದು ಅಟ್ಲಾಸ್ ಪತಂಗದ ಹುಳು. ಮೈಮೇಲಿನ ಬಿಳಿ ಪುಡಿ ಮೇಣ, ಅದರ ಮೈಯಿಂದಲೇ ಒಸರಿದ್ದು. ನಮ್ಮ ಪಶ್ಚಿಮ ಘಟ್ಟದಲ್ಲೂ ಈ ಪತಂಗವಿದೆ. ಬಿಚ್ಚಿದ ರೆಕ್ಕೆಗಳ ಅಗಲ ಒಂದು ಗೇಣಿಗೂ ಮಿಕ್ಕಿ 24 ಸೆಂ.ಮೀ.ವರೆಗೆ ಇರುತ್ತದೆ.

ಅಷ್ಟು ದೊಡ್ಡ ಪತಂಗಕ್ಕೆ ತಿನ್ನುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ ಮುಗಿಸುತ್ತದೆ. ಜನ ಪತಂಗದ ಫೋಟೊಗೆ ಮುಗಿಬೀಳುತ್ತಾರೆ. ನನಗೆ ಹುಳುವೇ ಇಷ್ಟ, ಇಡೀ ಜನ್ಮದ ಊಟ ನಡೆಯುವುದು ಅಲ್ಲೇ.

ಸಾಕುವುದಾದರೆ ಹುಳು ಸಿಕ್ಕ ಗಿಡದ ಸೊಪ್ಪನ್ನೇ ಕೊಡಿ. ದಾಲ್ಚಿನ್ನಿ ತಿಂದು ಬೆಳೆದದ್ದು ಸೀಬೆ ಎಲೆ ಕೊಟ್ಟರೆ ಉಪವಾಸ ಕೂರಬಹುದು. ಕೊಂಬೆಯನ್ನು ನೀರಿನ ಸೀಸೆಯಲ್ಲಿಟ್ಟು ಸೀಸೆಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಕೊಂಬೆಗುಂಟ ಇಳಿದು ನೀರಿನಲ್ಲಿ ಮುಳುಗುತ್ತದೆ. ಹಿಡಿದು ಕೀಳಬೇಡಿ. ಹೊಸ ಕೊಂಬೆ ಪಕ್ಕದಲ್ಲಿದ್ದರೆ ತಾನೇ ದಾಟುತ್ತದೆ.

ಆಗಾಗ ಹುಳು ಮೇವು ಬಿಟ್ಟು ಕದಲದೆ ಕೂರುತ್ತದೆ. ಕಾಯಿಲೆಯಲ್ಲ. ನಮ್ಮ ರೇಷ್ಮೆ ಬೆಳೆಗಾರರು ಇದನ್ನೇ ‘ಜ್ವರ’ ಎನ್ನುತ್ತಾರೆ: ಪೊರೆ ಬಿಡುವ ಹೊತ್ತು. ಕೂತಲ್ಲಿ ಮೊದಲೇ ನೂಲಿನ ಹಾಸು ನೇಯ್ದು, ಅದಕ್ಕೆ ಕಾಲಿನ ಕೊಕ್ಕೆಗಳನ್ನು ಸಿಕ್ಕಿಸಿಕೊಂಡಿರುತ್ತದೆ. ಒಳಗೆ ಹೊಸ ಚರ್ಮ ಸಿದ್ಧವಾದಾಗ ಹಳೆಯ ತಲೆಚಿಪ್ಪು ಮುಖವಾಡದ ಹಾಗೆ ಮುಂದಕ್ಕೆ ಜಾರುತ್ತದೆ. ಮೈಯನ್ನು ಅಲೆಅಲೆಯಾಗಿ ಹಿಂಡುತ್ತ ಹುಳು ಹಳೆಯ ಪೊರೆಯಿಂದ ನಡೆದೇ ಹೊರಬರುತ್ತದೆ. ಪೊರೆ ನೂಲಿಗೆ ಅಂಟಿ ನಿಂತಿದ್ದರೆ ಮಾತ್ರ ಇದು ಸಾಧ್ಯ. ಪೆಟ್ಟಿಗೆ ಶುಚಿ ಮಾಡುವ ಆತುರದಲ್ಲಿ ನಾನೊಮ್ಮೆ ಜ್ವರಕ್ಕೆ ಕೂತ ಹುಳುವನ್ನು ಬಿಡಿಸಿ ಪಕ್ಕಕ್ಕಿಟ್ಟೆ. ಅರ್ಧ ಪೊರೆಯಲ್ಲೇ ಸಿಕ್ಕಿಕೊಂಡು ಅದು ಸತ್ತಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಸರಿಯಾಗಿ ಜ್ವರ ಎದ್ದ ಹುಳು ಸಾಮಾನ್ಯವಾಗಿ ಮೊದಲು ತಿನ್ನುವುದು ತನ್ನ ಪೊರೆಯನ್ನೇ.

10 ಸೆಂ.ಮೀ. ದಾಟಿದ ಮೇಲೆ ಹುಳು ಹಣ್ಣಾಗುತ್ತದೆ. ಹೊಟ್ಟೆ ಖಾಲಿ ಮಾಡಿಕೊಂಡು, ಎಲೆಯನ್ನು ಮೈಗೆ ಸುತ್ತಿಕೊಂಡು ಗೂಡು ಕಟ್ಟುತ್ತದೆ. ಎಲೆಯ ತೊಟ್ಟನ್ನೂ ಕೊಂಬೆಗೆ ನೂಲಿನಿಂದ ಬಿಗಿದಿರುತ್ತದೆ, ಎಲೆ ಒಣಗಿದರೂ ಗೂಡು ಉದುರದ ಹಾಗೆ.

ಸುಮಾರು ಒಂದು ತಿಂಗಳಿಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಪತಂಗ ಹೊರಬರುತ್ತದೆ. ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ಳಲು ಜಾಗವಿರಲಿ, ಇಕ್ಕಟ್ಟಾದರೆ ಮುದುಡಿದಂತೆಯೇ ಗಟ್ಟಿಯಾಗಿಬಿಡುತ್ತವೆ. ಕತ್ತಲಾಗುವ ಮುಂಚೆ ಹುಳು ಸಿಕ್ಕ ಗಿಡಕ್ಕೇ ಒಯ್ದು ಬಿಡಿ. ಹೆಣ್ಣಾದರೆ ಕೂತಲ್ಲೇ ವಾಸನೆ ಬೀರುತ್ತದೆ. ಗರಿಯಂಥ ಕುಡಿಮೀಸೆಗಳಲ್ಲಿ ಆ ವಾಸನೆ ಹಿಡಿದು, ಕತ್ತಲಲ್ಲೇ ಗಂಡು ಹುಡುಕಿಕೊಂಡು ಬರುತ್ತದೆ.