ಅಳಿವೆಯ ಹಕ್ಕಿಗಳೂ ಕ್ಯಾಮೆರಾದ ಬೆಳಕಿನ ಲೆಕ್ಕವೂ

ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ನಮ್ಮ ಕಾಸರಗೋಡಿನ ಕಡಲಂಚಿಗೂ ಹೊಳೆಗಳ ಅಳಿವೆಗಳಿಗೂ ಉತ್ತರದಿಂದ ವಲಸೆಯ ಹಕ್ಕಿಗಳು ಬಂದಿಳಿಯುತ್ತವೆ. ಇವುಗಳಲ್ಲಿ ಕೆಂಟಿಷ್ ಪ್ಲೋವರ್ ಮತ್ತು ಸ್ಯಾಂಡ್ ಪ್ಲೋವರ್ ಎಂಬ ಎರಡು ಸಣ್ಣ ಹಕ್ಕಿಗಳು ದೂರದ ನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಮೊದಲನೆಯದರ ಕುತ್ತಿಗೆಯ ಹಿಂಬದಿಯಲ್ಲಿ ಬಿಳಿಯ ಪಟ್ಟಿಯಿದೆ, ಎರಡನೆಯದಕ್ಕೆ ಅದಿಲ್ಲ. ಚಿತ್ರದಲ್ಲಿ ಬೆಳಕು ಮಿತಿಮೀರಿದರೆ ಆ ಪಟ್ಟಿಯೂ ಸುತ್ತಲಿನ ತಿಳಿಗಂದು ಬಣ್ಣವೂ ಒಂದೇ ಬಿಳುಪಿನಲ್ಲಿ ಕರಗಿ, ಹಕ್ಕಿ ಯಾವುದೆಂದು ಹೇಳುವ ಆಧಾರವೇ ಅಳಿದುಹೋಗುತ್ತದೆ. ಎಕ್ಸ್‌ಪೋಷರ್ ಎಂಬುದು ಇಲ್ಲಿ ಚೆಲುವಿನ ಪ್ರಶ್ನೆ ಮಾತ್ರವಲ್ಲ.

ಕ್ಯಾಮೆರಾದೊಳಗಿನ ಮಾಪಕವು ದೃಶ್ಯದಿಂದ ಪ್ರತಿಫಲಿಸಿ ಬರುವ ಬೆಳಕನ್ನು ಅಳೆಯುತ್ತದೆ; ಆ ದೃಶ್ಯವು ಒಟ್ಟಿನಲ್ಲಿ ನಡುಬೂದು ಬಣ್ಣದ್ದೆಂದು ಭಾವಿಸಿ ಷಟರ್, ಅಪರ್ಚರ್‌ಗಳನ್ನು ಹೊಂದಿಸುತ್ತದೆ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಇಂದಿನ ಕ್ಯಾಮೆರಾಗಳನ್ನೂ ಈ ವಿಷಯದಲ್ಲಿ ಪೂರ್ತಿಯಾಗಿ ನಂಬುವಂತಿಲ್ಲ. ಇಳಿತದ ವೇಳೆಯಲ್ಲಿ ತೆರೆದುಕೊಂಡ ಕಪ್ಪು ಕೆಸರಿನ ಮೇಲೆ ಬೆಳ್ಳಕ್ಕಿ ನಿಂತಿದೆಯೆನ್ನಿ. ಚೌಕಟ್ಟಿನ ಬಹುಭಾಗ ಕೆಸರೇ ಆಗಿರುವುದರಿಂದ ಮಾಪಕವು ಬೆಳಕು ಸಾಲದೆಂದು ಬಗೆದು ಹೆಚ್ಚಿಸುತ್ತದೆ. ಹಕ್ಕಿಯ ಗರಿಗಳು ಸುಣ್ಣದ ಗೋಡೆಯಂತಾಗುತ್ತವೆ. ಅದೇ ಹಕ್ಕಿ ಹಾರಿಹೋಗಿ ಬಿಸಿಲಿಗೆ ಹೊಳೆಯುವ ಒಣ ಮರಳಿನ ಮೇಲೆ ಕುಳಿತರೆ ಮಾಪಕವು ಬೆಳಕನ್ನು ತಗ್ಗಿಸಿ ಗರಿಗಳನ್ನು ಬೂದಿಯಾಗಿಸುತ್ತದೆ. ಮೊದಲನೆಯ ಸಂದರ್ಭದಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಒಂದು ಸ್ಟಾಪ್‌ನಷ್ಟು ಕೆಳಗಿಳಿಸಬೇಕು, ಎರಡನೆಯದರಲ್ಲಿ ಸುಮಾರು ಅಷ್ಟೇ ಮೇಲೇರಿಸಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧವಾಗುವುದು.

ಗಮನಿಸಬೇಕಾದುದು ಇಷ್ಟು: ಹಕ್ಕಿ ಕೆಸರಿನಿಂದ ಮರಳಿಗೆ ಹಾರಿದಾಗ ಹಿನ್ನೆಲೆ ಬದಲಾಯಿತು, ಅದರ ಮೇಲೆ ಬೀಳುವ ಬಿಸಿಲು ಬದಲಾಗಲಿಲ್ಲ. ಆದುದರಿಂದ ಆಕಾಶ ಶುಭ್ರವಾಗಿರುವಾಗ ಮ್ಯಾನ್ಯುಯಲ್ ವಿಧಾನವೇ ಮೇಲೆಂಬುದು ನನ್ನ ಅಭಿಪ್ರಾಯ. ಪ್ರಖರವಾದ ಬಿಸಿಲಿನಲ್ಲಿ ಎಫ್ 16ರ ಅಪರ್ಚರ್‌ಗೆ ಐಎಸ್‌ಒ ಸಂಖ್ಯೆಯಷ್ಟೇ ಷಟರ್ ವೇಗ ಹೊಂದುತ್ತದೆಂಬುದು ಫಿಲ್ಮಿನ ಕಾಲದಿಂದ ಬಂದ ಹಳೆಯ ಲೆಕ್ಕ. ಅದರಂತೆ ಐಎಸ್‌ಒ 400, ಎಫ್ 8 ಇದ್ದರೆ ಸೆಕೆಂಡಿನ 1/1600 ಭಾಗ ಸಾಕು. ಬಿಳಿಯ ಹಕ್ಕಿಗಾದರೆ 1/2000 ಅಥವಾ 1/2500ಕ್ಕೆ ಏರಿಸುವುದು ಕ್ಷೇಮ. ಬೆಳಗಿನ ಎಳೆಬಿಸಿಲಿಗೆ ಈ ಲೆಕ್ಕ ಸಲ್ಲದು. ಆಗ ಒಂದೆರಡು ಸ್ಟಾಪ್ ಹೆಚ್ಚಿನ ಬೆಳಕು ಬೇಕಾಗುತ್ತದೆ. ಮೋಡಗಳು ಓಡಾಡುವ ದಿನಗಳಲ್ಲಂತೂ ಕಾಂಪೆನ್ಸೇಷನ್ ಮಾರ್ಗವೇ ಅನುಕೂಲ. ಮ್ಯಾನ್ಯುಯಲ್‌ನಲ್ಲಿಟ್ಟು ಐಎಸ್‌ಒ ಮಾತ್ರ ಆಟೋದಲ್ಲಿ ಬಿಟ್ಟರೆ ಮಾಪಕದ ಅಧಿಕಾರ ಹಿಂಬಾಗಿಲಿನಿಂದ ಮರಳಿ ಬರುವುದೆಂಬುದು ನೆನಪಿರಲಿ.

ತೆಗೆದ ಚಿತ್ರವನ್ನು ಕ್ಯಾಮೆರಾದ ಪರದೆಯಲ್ಲಿ ನೋಡಿ ತೀರ್ಮಾನಿಸುವುದು ಕಡಲ ಬಿಸಿಲಿನಲ್ಲಿ ಆಗದ ಮಾತು. ಹಿಸ್ಟೋಗ್ರಾಂ ನೋಡಿರೆಂದು ಎಲ್ಲರೂ ಹೇಳುತ್ತಾರೆ. ಅದರ ಬಲತುದಿಗೆ ರಾಶಿ ಒತ್ತಿಕೊಂಡಿದ್ದರೆ ಬಿಳುಪು ಮಿತಿಮೀರಿದೆಯೆಂದೇ ಅರ್ಥ. ಆದರೆ ಚೌಕಟ್ಟಿನಲ್ಲಿ ಹಕ್ಕಿ ಚಿಕ್ಕದಾಗಿದ್ದಾಗ ಅದರ ಬಿಳುಪು ಬಲತುದಿಯಲ್ಲಿ ಕೂದಲೆಳೆಯಷ್ಟೇ ಕಾಣುತ್ತದೆ, ಕಣ್ಣಿಗೆ ಬೀಳದೆಯೂ ಹೋಗುತ್ತದೆ. ಮಿತಿಮೀರಿದ ಭಾಗ ಮಿನುಗಿ ಎಚ್ಚರಿಸುವ ಸೌಲಭ್ಯ ಹೆಚ್ಚಿನ ಕ್ಯಾಮೆರಾಗಳಲ್ಲಿದೆ. ಹಕ್ಕಿಯ ಎದೆ ಮಿನುಗುತ್ತಿದ್ದರೆ ಮೂರನೆಯ ಒಂದು ಸ್ಟಾಪ್‌ನಂತೆ ಇಳಿಸುತ್ತ ಹೋಗಬಹುದು. ರಾ ಕಡತದಲ್ಲಿ ನೆರಳಿನ ವಿವರಗಳನ್ನು ಬಹುಮಟ್ಟಿಗೆ ಎತ್ತಿಕೊಳ್ಳಬಹುದು. ಪೂರ್ತಿ ಸುಟ್ಟುಹೋದ ಬಿಳುಪನ್ನು ಮರಳಿ ಪಡೆಯಲಾಗದು. ಹಾಗೆಂದು ಅತಿಯಾಗಿ ಕತ್ತಲುಗೊಳಿಸಿದರೆ, ಮತ್ತೆ ಎತ್ತುವಾಗ ಕಂದುಗರಿಗಳಲ್ಲಿ ಕಾಳುಕಾಳಾದ ಗದ್ದಲವೇಳುತ್ತದೆ.

ಪಶ್ಚಿಮಕ್ಕೆ ಮುಖಮಾಡಿದ ನಮ್ಮ ಕರಾವಳಿಯಲ್ಲಿ ಬೆಳಗ್ಗೆ ಕಡಲಿಗೆದುರಾಗಿ ನಿಂತರೆ ಸೂರ್ಯ ಬೆನ್ನ ಹಿಂದಿರುತ್ತಾನೆ. ಹಕ್ಕಿಯ ಮೈಯೆಲ್ಲ ಸಮನಾಗಿ ಬೆಳಗುತ್ತದೆ. ಸಂಜೆ ಅದೇ ಜಾಗದಲ್ಲಿ ಹೊಳೆಯುವ ನೀರಿನೆದುರು ಹಕ್ಕಿ ಕಪ್ಪು ಆಕೃತಿಯಾಗಿ ಉಳಿಯುತ್ತದೆ. ಆಗ ಎರಡು ಸ್ಟಾಪ್‌ವರೆಗೆ ಏರಿಸಿ ನೀರಿನ ವಿವರವನ್ನು ಬಿಟ್ಟುಕೊಡಬೇಕು, ಇಲ್ಲವೇ ಆ ಆಕೃತಿಯನ್ನೇ ಚಿತ್ರವೆಂದು ಒಪ್ಪಿಕೊಳ್ಳಬೇಕು. ಉದ್ದಕಾಲಿನ ಮೆಟ್ಟುಗಾಲು ಹಕ್ಕಿಯಂಥದಾದರೆ ಆಕೃತಿಯಿಂದಲೇ ಗುರುತು ಸಿಗುತ್ತದೆ. ಪ್ಲೋವರ್‌ಗಳಿಗೆ ಮಾತ್ರ ಮರುದಿನದ ಬೆಳಗ್ಗೆಯೇ ಬರಬೇಕು.